ನಾಗಕ್ಕ ಕಟ್ಟಿದ ಕೆಂಪು ಎಳೆ

ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಇವತ್ತು ಯಾರದೋ ರೇಷ್ಮೆ ಸೀರೆಯ ಕೆಂಪು ಎಳೆಯೊಂದು ಬೆರಳಿಗೆ ಸುತ್ತಿಕೊಂಡಿತು. ಮೊಳಕಾಲ್ಮೂರಿನಲ್ಲಿ ಸೀರೆ ನೇಯುತ್ತಿದ್ದ ನಾಗಕ್ಕನ ಮಗ್ಗದ ಸದ್ದು ಕೇಳಿಸಿದಂತಾಯಿತು.

ಚಿಕ್ಕಂದಿನಲ್ಲಿ ರಟ್ಟಿನ ಚೂರುಗಳ ಮೇಲೆ ಪ್ರಾಣಿ ಬರೆದು ಅವುಗಳ ಕಾಳಗ ಆಡುತ್ತಿದ್ದ ನಮಗೆಲ್ಲ ಅವಳೇ ಪರೀಕ್ಷಕಿ. ತನ್ನ ಪ್ರಾಣಿಯ ಎದುರು ಗೆದ್ದವರ ಮಣಿಕಟ್ಟಿಗೆ ಕೆಂಪು ರೇಷ್ಮೆ ಎಳೆ ಕಟ್ಟುತ್ತಿದ್ದಳು. ಎಳೆಯಿಲ್ಲದವರನ್ನು ದೊಡ್ಡ ಹುಡುಗಿಯರು ಆಟಕ್ಕೇ ಸೇರಿಸುತ್ತಿರಲಿಲ್ಲ. ಮೊದಲ ಮೂರು ಸಲವೂ ನನ್ನ ಗೋಸುಂಬೆ ತಾನೇ ಅವಳ ಪ್ರಾಣಿಯ ಮೇಲೆ ಬಿದ್ದು ಸೋತಿತ್ತು.

ನಾಲ್ಕನೇ ಸಲ ನಾಗಕ್ಕ ನೇಯುತ್ತಲೇ, "ನನ್ ಹದ್ದು ಬಂತು. ಏನ್ ಮಾಡ್ತೀಯೇ?" ಎಂದಳು.

"ಏನೂ ಮಾಡಲ್ಲಕ್ಕ. ಎಲೆ ಬಣ್ಣ ಆಗಿ ಸುಮ್ನೆ ಕುಂತೈತೆ."

ಮಗ್ಗ ನಿಂತಿತು.

"ಎಲ್ಲೈತೆ? ನಂಗೇ ಕಾಣ್ತಿಲ್ವಲ್ಲೇ!" ಎಂದು ನಗುತ್ತಾ ನನ್ನ ಮಣಿಕಟ್ಟಿಗೂ ಎಳೆ ಕಟ್ಟಿದಳು.

ಎಷ್ಟು ಊರು ಬದಲಿಸಿದರೂ ಒಂದು ಕಡೆ ಕೂರಲಾರದ ನಾನು, ಇವತ್ತು ಬೆರಳಿನ ಎಳೆ ಬಿಚ್ಚದೆ ತುಂಬ ಹೊತ್ತು ಸುಮ್ಮನೆ ಕುಳಿತಿದ್ದೆ.