ತೊಳೆದ ಡಬ್ಬಿ

ಪರಮೇಶ, ನಿನ್ನ ಕೆಲಸ ಹೋದದ್ದು ನಿನ್ನ ಹೆಂಡತಿ ಸುಜಾತಳಿಗೆ ಗೊತ್ತಾದದ್ದು ಟೀ ಅಂಗಡಿಯ ಸಿದ್ದಣ್ಣನಿಂದ ಅಲ್ಲ. ನನ್ನಿಂದ. ಆರು ವರ್ಷದಿಂದ ನೀನು ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿದಾಗಲೆಲ್ಲ ಸಿದ್ದಣ್ಣನ ಅಂಗಡಿ ತಪ್ಪಿಸಿ ಸುತ್ತು ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತೀಯ. ನಾನು ಎದುರಿನ ನನ್ನ ಮೊಬೈಲ್ ಅಂಗಡಿಯಲ್ಲಿ ಕೂತು ಅದನ್ನು ನೋಡುತ್ತಲೇ ಬಂದಿದ್ದೇನೆ — ಬಾಯಿ ಬಿಟ್ಟಿಲ್ಲ.

ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ರಿಪೇರಿಯನ್ನು ನೋಡಿ ನೋಡಿ ಕಲಿತೆ. ಗೇಮ್ ಮಾಡುವುದನ್ನೂ ಹಾಗೇ, ಯಾರ್ಯಾರದೋ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಎರಡು ವರ್ಷ ಒದ್ದಾಡಿ ಕಲಿತೆ. ಅದರ ಹೆಮ್ಮೆ ನನಗಿತ್ತು. ಈಗಲೂ ಇದೆ, ಸುಳ್ಳು ಯಾಕೆ ಹೇಳಲಿ. ಸೂಪರ್‌ಹೀರೋ ಗೇಮ್ ಮಾಡಲು ಹೊರಟೆ. ಆದರೆ ಹಾರುವ ಮನುಷ್ಯನನ್ನು ಬಿಡಿಸಲು ಬರಲಿಲ್ಲ — ನನ್ನ ಹೀರೋ ಹಾರಿದರೆ ತಂತಿಯಿಂದ ಹಾರಿಹೋದ ಬನಿಯನ್ನಿನ ಹಾಗೆ ಕಾಣುತ್ತಿದ್ದ. ನೀನು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನೀನೇ ಅಂದೆ:

"ಹಾರೋದು ಬಿಡ್ಲಾ. ಬೆಳಿಗ್ಗೆ ಎದ್ದು, ಏನೂ ಆಗಿಲ್ಲ ಅನ್ನೋ ಥರ ಮನೆಯಿಂದ ಆಚೆ ಬತ್ತಾನಲ್ಲ, ಅದನ್ನ ಮಾಡು. ಕಷ್ಟ ಇರೋದು ಅಲ್ಲೇ."

ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುವ ನಿನ್ನ ಕೆಲಸ ಹೋಗಿ ಆಗ ಒಂದು ತಿಂಗಳಾಗಿತ್ತು. ಆ ಕೆಲಸ ಕೊಡಿಸಿದ್ದು ಸುಜಾತಳ ಅಣ್ಣ. ಹಾರನಹಳ್ಳಿಯ ತವರಿನಲ್ಲಿ ಅವಳು ತಲೆ ತಗ್ಗಿಸುವಂತಾಗಬಾರದು, ಬೇರೆ ಕೆಲಸ ಸಿಕ್ಕ ಮೇಲೆ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಉಸಿರೆತ್ತಬೇಡ ಎಂದು ನೀನು ನನ್ನ ಕೈ ಹಿಡಿದುಕೊಂಡು ಕೇಳಿದ್ದೆ. ದಿನಾ ಊಟದ ಡಬ್ಬಿ ಹಿಡಿದು ಬಾಣಾವರದಿಂದ ರೈಲು ಹತ್ತಿ ಬರುತ್ತಿದ್ದೆ. ಮಧ್ಯಾಹ್ನದವರೆಗೆ ಸಿದ್ದಣ್ಣನ ಬೆಂಚು, ಆಮೇಲೆ ನನ್ನ ಅಂಗಡಿ.

ಆ ಮಧ್ಯಾಹ್ನಗಳು — ಏನು ಹೇಳಲಿ. ಶಟರ್ ಅರ್ಧ ಎಳೆದು, ನಿನ್ನ ಡಬ್ಬಿಯ ಮುದ್ದೆಯನ್ನು ಇಬ್ಬರೂ ಮುರಿದುಕೊಂಡು ತಿಂದು, ಗೇಮ್ ಕಟ್ಟುತ್ತಿದ್ದೆವು. ರಾತ್ರಿಯೆಲ್ಲ ಊರು ಕಾಯುವ ಹೀರೋ, ಹಗಲು ಮಂಡಿಯ ತೂಕದವನು. ಅವನು ಊರು ಕಾಯುವುದು ಗೇಮಿನಲ್ಲಿ ಬರುವುದೇ ಇಲ್ಲ. ಹೆಂಡತಿಗೆ ಗೊತ್ತಾಗದ ಹಾಗೆ ದಿನ ಕಳೆಯುವುದೇ ಆಟ. ಅವಳಿಗೆ ಅನುಮಾನ ಬಂದು ಮುಖದ ಪಕ್ಕದ ಹಸಿರು ಗೆರೆ ಕೆಂಪಾದರೆ ಸೋತಂತೆ. ಹಳೇಬೀಡಿಗೆ ಕೆಲಸ ಕೇಳಲು ಹೋದ ದಿನ ನಿನ್ನನ್ನು ದೇವಸ್ಥಾನದ ಮುಂದಿನ ಹುಲ್ಲಿನ ಮೇಲೆ ನಿಲ್ಲಿಸಿ ಫೋಟೋ ತೆಗೆದೆನಲ್ಲ, ಹೀರೋನ ಭುಜ, ನಡಿಗೆ ಎಲ್ಲ ಅದರಿಂದಲೇ ಬಂದದ್ದು. ಕೆಲಸ ಸಿಗಲಿಲ್ಲ. ಆದರೂ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಕ್ಕಿದ್ದೆವು. ಅಷ್ಟು ನಗು ನನಗೆ ಆಮೇಲೆ ಬರಲಿಲ್ಲ.

ಮನೆಯಲ್ಲಿ ಏನು ಹೇಳಿದೆ ಎಂದು ನಾನು ದಿನಾ ಕೇಳುತ್ತಿದ್ದೆ. ನೀನು ಹೇಳುತ್ತಿದ್ದೆ. ನಾನು ಬರೆದಿಟ್ಟುಕೊಳ್ಳುತ್ತಿದ್ದೆ — ನಿನ್ನನ್ನು ಕೇಳದೆ. ಕೆಲಸ ಇದ್ದಾಗ ಡಬ್ಬಿಯನ್ನು ಒಣಗಿದ ಸಾರಿನ ಸಮೇತ ಮನೆಗೆ ಒಯ್ಯುತ್ತಿದ್ದವನು ನೀನು, ಆಗ ಹೊತ್ತು ಹೋಗದೆ ಸ್ಟೇಷನ್ನಿನ ನಲ್ಲಿಯ ಹತ್ತಿರ ಕೂತು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ. ಇದೇನು ಇಷ್ಟು ಫಳಫಳ ಎಂದು ಸುಜಾತ ಕೇಳಿದ್ದಕ್ಕೆ "ಮಂಡಿಗೆ ಹೊಸ ನಲ್ಲಿ ಹಾಕ್ಸವ್ರೆ" ಅಂದೆಯಂತೆ. ಅದನ್ನೂ ನೀನಿಲ್ಲದಾಗ ನಾನು ಗೇಮಿಗೆ ಹಾಕಿದೆ. ಇದ್ದದ್ದು ಇದ್ದ ಹಾಗೆ. ನಿನ್ನ ಹೆಸರಿಲ್ಲ, ಊರಿನ ಹೆಸರಿಲ್ಲ, ಯಾರಿಗೆ ತಿಳಿಯುತ್ತದೆ — ಅಂದುಕೊಂಡೆ.

ನೀನು ಬೇಲೂರಿಗೆ ಹೋಟೆಲ್ ಕೆಲಸ ಕೇಳಲು ಹೋದ ದಿನ ಸುಜಾತ ಫೋನಿನ ಒಡೆದ ಗ್ಲಾಸ್ ಬದಲಿಸಲು ಬಂದಳು. ಅರ್ಧ ಗಂಟೆಯ ಕೆಲಸ. ಕಾಯುತ್ತಾ ಕೂತವಳ ಕೈಗೆ ನನ್ನ ಫೋನ್ ಕೊಟ್ಟು, ಗೇಮ್ ಆಡಿ ನೋಡಮ್ಮ ಅಂದೆ. ಯಾರು ಬಂದರೂ ತೋರಿಸುವ ಚಟ ನನಗೆ. ಎರಡು ಸಲ ಸೋತು ನಕ್ಕಳು. ಮೂರನೇ ಸಲ ಫಳಫಳ ಡಬ್ಬಿಯ, ಹೊಸ ನಲ್ಲಿಯ ಮಾತು ಬಂದಾಗ ಅವಳ ಬೆರಳು ನಿಂತಿತು. ತಲೆ ಎತ್ತದೆ ಕೇಳಿದಳು:

"ಈ ಮಾತೆಲ್ಲ ನೀವೇ ಯೋಚ್ನೆ ಮಾಡಿ ಬರೆದ್ರಾ ಅಣ್ಣ?"

ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಪರಮೇಶ. ಒಂದೇ ಮಾತು. ಆದರೆ ಅವಳು ಮೆಚ್ಚಿಕೊಂಡು ಕೇಳುತ್ತಿದ್ದಾಳೆ ಎಂದೇ ನನಗೆ ಅನ್ನಿಸಿತು. ಓದದವನ ಕೆಲಸವನ್ನು ಒಬ್ಬರು ಮೆಚ್ಚಿದರೆ... ಎದೆಯುಬ್ಬಿಸಿ ಅಂದೆ:

"ಕಟ್ಟುಕತೆ ಅಲ್ಲಮ್ಮ. ನಿಜವಾದ ಮನುಷ್ಯನ್ನ ದಿನಾ ಕಣ್ಣಾರೆ ನೋಡಿ ಮಾಡಿದ್ದು."

ಗ್ಲಾಸ್ ಹಾಕದ ಫೋನನ್ನೇ ಎತ್ತಿಕೊಂಡು ಹೊರಟುಹೋದಳು. ಆಗ ತಿಳಿಯಿತು ನಾನೇನು ಅಂದೆ ಎಂದು: ನೀನು ದಿನಾ ಮಂಡಿಗೆ ಹೋಗದೆ ನನ್ನ ಕಣ್ಣೆದುರೇ ಇರುತ್ತೀಯ ಎಂದು ನಾನೇ ಹೇಳಿಬಿಟ್ಟಿದ್ದೆ. ಹಿಂದೆ ಓಡಲಿಲ್ಲ.

ಅವತ್ತೇ ನಿನಗೆ ಬೇಲೂರಿನಲ್ಲಿ ಕೆಲಸ ಸಿಕ್ಕಿತ್ತು. ಇನ್ನು ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡು ಮನೆಗೆ ಹೋದವನು ನೀನು. ಬಾಗಿಲಲ್ಲೇ ಅವಳು ಅಂದದ್ದನ್ನು ಮಾರನೇ ದಿನ ನನ್ನ ಮುಂದೆ ಹೇಳಿಕೊಂಡೆ: "ಕೆಲ್ಸ ಹೋದ್ರೆ ಹೋಗ್ಲಿ. ಊರೋರಿಗೆಲ್ಲ ಹೇಳಿದ್ದನ್ನ ನನಗೊಬ್ಳಿಗೆ ಹೇಳಕ್ಕಾಗ್ಲಿಲ್ವಾ?" ಯಾರು ಹೇಳಿದರು ಎಂದು ನೀನು ಎಷ್ಟು ಕೇಳಿದರೂ ಅವಳು ಬಾಯಿ ಬಿಡಲಿಲ್ಲವಂತೆ. ತವರಿಗೆ ಹೋದಳು. ಬರಲು ಮೂರು ತಿಂಗಳಾಯಿತು.

"ನೀನೇನಾದ್ರೂ ಅಂದ್ಯೇನ್ಲಾ?" ಎಂದು ನೀನು ಕೇಳಿದೆ.

"ನಾನ್ಯಾಕ್ ಅನ್ಲಿ?" ಅಂದೆ.

ಹಾಗಾದರೆ ದಿನಾ ಬೆಂಚಿನ ಮೇಲೆ ನಿನ್ನನ್ನು ನೋಡುತ್ತಿದ್ದ ಸಿದ್ದಣ್ಣನೇ ಎಂದು ನೀನೇ ತೀರ್ಮಾನಕ್ಕೆ ಬಂದೆ. ನಾನು ಅಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಗೇಮನ್ನು ಅವತ್ತೇ ಅಳಿಸಿದೆ — ಪಶ್ಚಾತ್ತಾಪದಿಂದಲ್ಲ, ಆ ಡಬ್ಬಿಯ ಮಾತು ನಿನ್ನ ಕಣ್ಣಿಗೆ ಬಿದ್ದೀತು ಎಂಬ ಭಯದಿಂದ.

ಹೋದ ವಾರ ಸಿದ್ದಣ್ಣನ ಮುಂದೆ ಎಲ್ಲ ಹೇಳಿದೆ. ಲೋಟ ತೊಳೆಯುತ್ತಲೇ ಕೇಳಿಸಿಕೊಂಡರು. ಬೈಯಲಿಲ್ಲ. "ನಂಗ್ಯಾಕ್ ಹೇಳ್ತೀಯಪ್ಪ, ಅವನಿಗೇಳು" ಅಂದರು, ಅಷ್ಟೇ.

ಅದಕ್ಕೇ ಬರೆದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಓದಿದ ಮೇಲೆ ಮೊದಲು ಆ ಹಿರಿಯನನ್ನು ಮಾತಾಡಿಸು. ಆಮೇಲೆ ಬೈಯುವುದಿದ್ದರೆ ನನ್ನ ಅಂಗಡಿಗೇ ಬಾ — ಸಂತೆಯ ದಿನ, ಗಿರಾಕಿಗಳು ತುಂಬಿರುವಾಗಲೇ ಬಾ. ಅವರೆಲ್ಲರ ಮುಂದೆ ಎದ್ದು ನಿಂತು ಕೇಳಿಸಿಕೊಳ್ಳುತ್ತೇನೆ.