ಏಳದ ಬಲಗೈ

ಗೋಕಾಕದ ಹೊಟೇಲಿನ್ಯಾಗ ಚಹಾದ ಬಸಿ ಎತ್ತಾಕ ಹೋದೆ, ಬಲಗೈ ಏಳಲೇ ಇಲ್ಲ. ಬೆರಳು ಬಸಿಯ ಅಂಚು ಹಿಡಿದಿದ್ದವು ಖರೆ, ಆದರ ಮಣಿಕಟ್ಟು ನೆಲದ ಕಡೆ ಜೋತುಬಿದ್ದು ಚಹಾ ಅಷ್ಟೂ ಧೋತರದ ಮ್ಯಾಲ ಸುರೀತು. ಎದುರಿಗೆ ನಾಟಕ ಕಂಪನಿ ಮಾಲಕರು ಕುಂತಿದ್ರು. "ಯಾಕ್ರಿ ಪೇಂಟರ, ಚಹಾ ಬಾಯಿಗೋ ತೊಡಿಗೋ?" ಅಂದು ನಕ್ಕರು. ನಾನೂ ನಕ್ಕೆ. ಎಡಗೈಲೆ ಬಲಗೈ ಹಿಡಿದು ತೊಡಿ ಮ್ಯಾಲ ಇಟ್ಟುಕೊಂಡೆ.

ನಾ ಹುಟ್ಟಾ ಅಂಜುಬುರುಕ. ಇದನ್ನ ಮುಚ್ಚಿಟ್ಟು ಏನು ಮಾಡೋದೈತಿ? ಇದ್ದಿಲ ಗ್ಯಾಸಿನ ಮೋಟಾರು ಏರು ಹತ್ತುವಾಗ ಕಣ್ಣು ಮುಚ್ಚಿ ಕುಂಡ್ರಾವ. ಕೊಣ್ಣೂರ ಕಡೆ ಹೋದಾಗ ಗಿರಣಿ ಭೋಂಗಾ ಊದಿದ್ರ ಬೆಚ್ಚಿ ಬೀಳಾವ. ಇಂಥಾವ ಅದೇ ಗಿರಣಿಯ ಪಗಾರದ ನೌಕರಿ ಬಿಟ್ಟು ಬಣ್ಣದ ಡಬ್ಬಿ ಹೆಗಲಿಗೆ ಹಾಕ್ಕೊಂಡೆ. ಜನ್ಮದಾಗ ನಾ ಮಾಡಿದ ಒಂದೇ ಧೈರ್ಯದ ಕೆಲಸ ಅದು, ಮರುದಿನದಿಂದ ಅದಕ್ಕೂ ಅಂಜಾಕತ್ತೆ. ಮನಿ ಮೂಡಲಗಿಯೊಳಗ, ಕೆಲಸ ಕರೆದಲ್ಲೆ. ಅಂಗಡಿ ಬೋರ್ಡು, ಚಕ್ಕಡಿ ಬಾಜೂಕ ಹೂಬಳ್ಳಿ, ಮಠದ ಗ್ವಾಡಿ ಮ್ಯಾಲ ಶರಣರ ಚಿತ್ರ, ಎಲ್ಲಾಕ್ಕಿಂತ ಹೆಚ್ಚು ನಾಟಕದ ಪಡದೆ. ಕರೆದ್ರ ಹೋಗಬೇಕು, ಕರೀದಿದ್ರ ಕಟ್ಟಿ ಮ್ಯಾಲ ಕುಂತು ರಸ್ತೆ ನೋಡಬೇಕು. "ನಿಮ್ಮದು ಉದ್ಯೋಗ ಅಲ್ಲ, ನೆಂಟಸ್ತನ" ಅಂತಿದ್ಲು ನನ್ನ ಮನಿಯಾಕಿ.

ಆದರ ನನ್ನ ಕೈಗೆ ಒಂದು ಹೆಸರಿತ್ತು. ಪಡದೆ ಮ್ಯಾಲಿನ ಹೆಣ್ಣಿನ ಕಣ್ಣಿಗೆ ನಾ ಬರೆದ ರೆಪ್ಪಿ ಕೂದಲು ಎಣಿಸಬಹುದು ಅಂತಿದ್ರು ಜನ. ಅದಕ್ಕ ಕುಂಚದ ತುದಿ ಸೂಜಿ ಆಗಬೇಕು. ಸೂಜಿ ಮಾಡೋದು ಹೆಂಗ? ಕುಂಚ ತುಟಿಗಿಟ್ಟು, ನಾಲಗಿ ತುದಿಯಿಂದ ಒಂದು ಸಣ್ಣ ತಿರುವು ಕೊಟ್ಟು ಎಳೀಬೇಕು. ನಮ್ಮ ಕಸಬಿನವರೆಲ್ಲಾ ಹಂಗೇ ಮಾಡ್ತಿದ್ರು. ತುಟಿ ಹಚ್ಚಲಾರದೆ ಬಟ್ಟಿಗೆ ಒರಸಾವ ಇದ್ರ, ಅಂವ ಸುಣ್ಣ ಬಳಿಯಾವ, ಪೇಂಟರ ಅಲ್ಲ ಅಂತ ನಗತಿದ್ವಿ. ಸಂಜಿಗೆ ಮನಿಗೆ ಬಂದಾಗ ನನ್ನ ತುಟಿ ಮ್ಯಾಲ ಬಿಳಿ ಗೀರು ಇರ್ತಿತ್ತು, ಮನಿಯಾಕಿ ಸೆರಗಿನಿಂದ ಒರಸ್ತಿದ್ಲು.

ಯುದ್ಧದ ಕಾಲ ಅದು. ಬಟ್ಟಿ ಸಿಗವಲ್ಲದು. ಮಾಲಕರು ಕಂಡಕಂಡವರ ಕಾಲು ಹಿಡಿದು ಒಂದು ಪಡದೆಗೆ ಆಗುವಷ್ಟು ಬಟ್ಟಿ ತಂದಿದ್ರು. ದರ್ಬಾರಿನ ಪಡದೆ, ಬಾಗಿಲ ಎಡಕ್ಕೊಬ್ಬಳು ಬಲಕ್ಕೊಬ್ಬಳು ದೀಪ ಹಿಡಿದ ಹೆಂಗಸರು, ಆಳೆತ್ತರ. ಕೆಡಿಸಿದ್ರ ಇನ್ನೊಂದು ಬಟ್ಟಿ ಇಲ್ಲ. "ನಿಮ್ಮ ಕೈ ನಂಬಿ ಕೊಟ್ಟೇನ್ರಿ" ಅಂತ ಅವರು ಹೇಳಿದ್ದು ಅದೇ ಹೊಟೇಲಿನ್ಯಾಗ, ನನ್ನ ಧೋತರ ಇನ್ನೂ ಹಸೀ ಇದ್ದಾಗ. ಅಂಜಿದವನ ಮ್ಯಾಲ ಕಪ್ಪಿ ಎಸದ್ರಂತ, ಹಂಗಾತು.

ಮಾಲಕರದೊಂದು ಕೆಟ್ಟ ಚಟ. ಏನೇ ಮಾತಿದ್ರೂ ಹೊಟೇಲಿಗೇ ಕರೀತಿದ್ರು. ಬಣ್ಣದ ಮಾತಿಗೆ ಪೂರಿ-ಭಾಜಿ, ಅಳತಿ ಮಾತಿಗೆ ಶಿರಾ. ಬ್ಯಾರೆ ಪೇಂಟರಗೋಳು ಇದಕ್ಕ ಜೊಲ್ಲು ಸುರಸ್ತಿದ್ರು, ನನಗ ಮಾತ್ರ ಹೊಟೇಲಿನ ಮೆಟ್ಟಿಲು ಹತ್ತಾಕ ಮನಸ್ಸೇ ಬರ್ತಿರಲಿಲ್ಲ. ಬಲಗೈಲೆ ತಿನ್ನಾಕ ಆಗವಲ್ಲದು, ನಾಕು ಮಂದಿ ನಡುವ ಎಡಗೈ ಬಾಯಿಗೆ ಒಯ್ಯೂದಂತೂ ಆಗಲೇ ಆಗದು. ಒಂದು ದಿನ ಹಲ್ಲು ನೋವಂದೆ. ಇನ್ನೊಂದು ದಿನ ಉಂಡೇ ಬಂದೇನಿ ಅಂದೆ. ಚಹಾ ಬಂದ್ರ ಆರಲಿ ಅಂತ ಊದಿಕೋತ ಕುಂತು, ಮಾಲಕರು ಆ ಕಡೆ ಹೊಳ್ಳಿದ ಕೂಡ್ಲೆ ಬಸಿಗೆ ಬಾಯಿ ಹಚ್ಚಿ, ಬೆಕ್ಕು ಹಾಲು ಕುಡಿದಂಗ ಹೀರಿಬಿಡ್ತಿದ್ದೆ. ಊರಿಗೆ ಹೋದಾಗ ಮನಿಯಾಕಿ ಒಲಿ ಕಡೆ ಹೊಳ್ಳಿದ ಕೂಡ್ಲೆ ಎಡಗೈಲೆ ನುಂಗತಿದ್ದೆ. ಉದ್ದ ತೋಳಿನ ಅಂಗಿ ತೊಟ್ಟು, ಒಳಗ ಮಣಿಕಟ್ಟಿಗೆ ಬಿದಿರ ಸೀಳು ಕಟ್ಟಿಕೊಂಡು ಪಡದೆ ಬರಿಯಾಕ ನಿಂದರ್ತಿದ್ದೆ. ಕಂಬ, ತೋರಣ, ಸೀರಿ ನೆರಿಗಿ, ಇವೆಲ್ಲಾ ಹೆಂಗೋ ಸಾಗಿದವು. ಆದರ ದಿನಾ ಮುಂಜಾನೆ ಎದ್ದ ಕೂಡ್ಲೆ ಹಾಸಿಗ್ಯಾಗೇ ಕೈ ಎತ್ತಿ ನೋಡ್ತಿದ್ದೆ. ನಿನ್ನಿಕಿಂತ ಇವತ್ತು ಹೆಚ್ಚು ಜೋತೈತೇನೋ? ಕೈ ಹೋದ ಪೇಂಟರಗ ಯಾರು ಕರೀತಾರ?

ಹೊಟೇಲಿನ್ಯಾಗೇ ಒಬ್ಬಾತ ಯಾರಿಗೋ ಹೇಳಾಕತ್ತಿದ್ದ, ಬೆರಳು ಸೆಟೆದುಕೊಂಡ ಅವರ ಕಾಕಾಗ ತಬಲಾ ಕಲಿತ ಮ್ಯಾಲ ಕೈ ಸಡಿಲಾತಂತ. ಮುಳುಗಾವನಿಗೆ ಹುಲ್ಲುಕಡ್ಡಿ ಸಿಕ್ಕಂಗಾತು. ಹುಕ್ಕೇರಿಯೊಳಗ ಒಬ್ಬರು ಮುದುಕ ಮಾಸ್ತರರಿದ್ರು, ಹರೇದಾಗ ಕಂಪನಿಗೋಳಾಗ ತಬಲಾ ಬಾರಿಸಿದವರು, ಈಗ ಮನಿ ಪಡಸಾಲ್ಯಾಗ ಕುಂತು ಕಲಸ್ತಿದ್ರು. ಅಲ್ಲಿಗೆ ಹೋಗಾಕ ಸುರು ಮಾಡಿದೆ. ಮನ್ಯಾಗ ಹೇಳಿದ್ದು ಮಾತ್ರ, ಪೇಂಟರಕಿ ಜೋಡಿ ಇನ್ನೊಂದು ವಿದ್ಯೆ ಇರಲಿ ಅಂತ. "ಮೊದಲೇ ಮಂಗ್ಯಾ, ಅದರಾಗ ಹೆಂಡಾ ಕುಡದಿತ್ತಂತ" ಅಂದು ಮನಿಯಾಕಿ ರೊಟ್ಟಿ ಬಡಿಯೋದು ಮುಂದುವರಿಸಿದ್ಲು.

ಮಾಸ್ತರರು ಮೊದಲನೇ ದಿನ ಒಂದೇ ಮಾತು ಹೇಳಿದ್ರು. "ತಬಲಾ ಬಡ್ಯಾಕ ಎಲ್ಲಾರಿಗೂ ಬರ್ತೈತಿ ತಮ್ಮಾ. ಬಡದ ಕೈ ಎತ್ತಾಕ ಬರಬೇಕು. ಬೆರಳು ಏಳೂತನಾ ನಾದ ಏಳೂದಿಲ್ಲ." ತಾವು ಒಂದು ಏಟು ಹಾಕಿ ತೋರಿಸಿದ್ರು, ಪಡಸಾಲಿ ತುಂಬ ಗುಂಯ್ ಅಂತು. ನಾ ಹಾಕಿದೆ. ಧಪ್. ಕೈ ತೊಗಲ ಮ್ಯಾಲ ಬಿತ್ತು, ಅಲ್ಲೇ ಮಲಗಿತು, ನಾದ ಅದರ ಬುಡದಾಗೇ ಸತ್ತಿತು. "ಎತ್ತು" ಅಂದ್ರು. ಧಪ್. "ಎತ್ತೋ ತಮ್ಮಾ." ಧಪ್. ಹಿಟ್ಟಿನ ಮುದ್ದಿ ಹಲಗಿ ಮ್ಯಾಲ ಒಗದಂಗ. ಹೊಸಬ ಅಂತ ತಿಳಕೊಂಡು ಅವರು ಸಿಟ್ಟಾಗಲಿಲ್ಲ. ವಾರಗಟ್ಟಲೆ ಹೋದೆ. ಎಡಗೈ ಡಗ್ಗಾದ ಮ್ಯಾಲ ಚೊಲೊ ಕುಣ್ಯಾಕತ್ತಿತು, ಬಲಗೈ ಮಾತ್ರ ಧಪ್.

ಒಂದು ದಿನ ಅವರು ತಬಲಾ ಬಾಜೂಕ ಸರಿಸಿದ್ರು. ನನ್ನ ಅಂಗಿ ತೋಳು ಮ್ಯಾಲ ಏರಿಸಿ, ಎರಡು ಬೆರಳಿಂದ ನನ್ನ ಹಸ್ತ ಎತ್ತಿ ಬಿಟ್ರು. ಅದು ಒದ್ದಿ ಅರಿವಿ ಹಂಗ ಕೆಳಗ ಬಿತ್ತು. ಇನ್ನೊಮ್ಮೆ ಎತ್ತಿ ಬಿಟ್ರು. ಆಮ್ಯಾಲ ಅಂಗಿ ತೋಳು ತಾವೇ ಕೆಳಗ ಇಳಿಸಿದ್ರು.

"ಇದು ಕಲಿಕಿ ಸಾಲದ ಕೈ ಅಲ್ಲಪ್ಪಾ. ಏನೋ ಆಗೇತಿ ಇದಕ್ಕ. ಏನಂತ ನನಗ ತಿಳೀದು. ದವಾಖಾನಿಗೆ ಹೋಗು."

"ಹೋಗತೇನ್ರಿ ಗುರುಗಳ" ಅಂದೆ. ಹೋಗಲಿಲ್ಲ. ಅಂಜುಬುರುಕರ ಲೆಕ್ಕ ಬ್ಯಾರೆ ಇರತೈತಿ. ಡಾಕ್ಟರು ಹೇಳೂತನಾ ರೋಗ ಇಲ್ಲ, ಹೇಳಿದ್ರ ಐತಿ. ಯಾಕ ಹೋಗಿ ಕೇಳಬೇಕು? ಹುಕ್ಕೇರಿಯಿಂದ ಹೊಳ್ಳಿ ಬರುವಾಗ ಮೋಟಾರಿನ್ಯಾಗ ಕಿಟಕಿ ಕಡೆ ಮುಖ ಮಾಡಿ ಅತ್ತೆ. ಬಾಜೂಕ ಕುಂತ ಹೆಣ್ಣಮಗಳು ಹೊಗಿ ಕಣ್ಣಾಗ ಹೋಗಿರಬೇಕಂತ ತಿಳಕೊಂಡು ಸರಿದು ಕುಂತ್ಲು.

ಶ್ರಾವಣದಾಗ ಮನಿಯಾಕಿ ಬುತ್ತಿ ತಗೊಂಡು ಗೋಕಾಕಕ್ಕ ಬಂದ್ಲು, ಪಡದೆ ನೋಡಬೇಕಂತ. ಪಡದೆ ಮುಗೀತ ಬಂದಿತ್ತು. ಇಬ್ಬರು ಹೆಂಗಸರ ಕಣ್ಣಷ್ಟೇ ಉಳಿದಿದ್ದವು. ಬೇಕಂತಲೇ ಉಳಿಸಿದ್ದೆ, ಅಲ್ಲಿ ಬಿದಿರ ಸೀಳಿನ ಆಟ ನಡಿಯಾಂಗಿರಲಿಲ್ಲ. ಅಷ್ಟರಾಗ ಮಾಲಕರು ಬಂದು, "ತಂಗೆವ್ವಾ, ಮೊದಲನೇ ಸರ್ತಿ ಬಂದೀ, ಹೊಟೇಲಿಗೆ ಬಾ" ಅಂತ ಪಟ್ಟು ಹಿಡಿದ್ರು. ಆಕಿ ಜನ್ಮದಾಗ ಹೊಟೇಲಿನ ಹೊಸ್ತಿಲು ತುಳಿದಾಕಿ ಅಲ್ಲ. ಪರಊರ ಗಂಡಸರ ಕಣ್ಣ ಮುಂದ ತುತ್ತು ಎತ್ತೂದಂದ್ರ ನಮ್ಮ ಕಡೆ ಹೆಣ್ಣಮಕ್ಕಳಿಗೆ ಜೀವ ಹೋದಂಗ. ಹೆಂಗಸರಿಗಂತ ಪಡದೆ ಕಟ್ಟಿದ ಒಂದು ಮೂಲಿ ಇತ್ತು, ಅಲ್ಲಿ ಕುಂತ್ವಿ. ಆಕಿ ಸೆರಗು ಹಿಡಕೊಂಡು ಕುಂತಿದ್ಲು, ನಾ ಕೈ ಹಿಡಕೊಂಡು. ಪೂರಿ ಬಂದವು. ಮಾಲಕರು ನನ್ನ ಕಡೆನೇ ನೋಡಾಕತ್ತಿದ್ರು. "ತಿನ್ರಿ ಪೇಂಟರ, ಇವತ್ತು ಹೆಂಡತಿ ಮುಂದ ಹಲ್ಲು ನೋವು ನಡಿಯಾಂಗಿಲ್ಲ."

ಪೂರಿ ಮುಟ್ಟಿದೆ. ಮುರಿಯಾಕ ಬರಲಿಲ್ಲ. ಬೆರಳು ಅದರ ಮ್ಯಾಲ ಬಿದ್ದುಕೊಂಡವು. ಮುಗೀತು ನನ್ನ ಆಟ ಅಂದುಕೊಂಡೆ.

ಮನಿಯಾಕಿ ನನ್ನ ಕೈ ನೋಡಿದ್ಲು. ಒಂದು ಕ್ಷಣ. ಆಮ್ಯಾಲ ತಲಿ ತಗ್ಗಿಸಿ, ಆದರ ಗಟ್ಟಿ ದನಿಲೆ ಅಂದ್ಲು, "ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಇವತ್ತು ಶ್ರಾವಣ ಸೋಮವಾರ. ಅವರು ಒಪ್ಪತ್ತು. ಸಂಜಿಮುಂದ ಪೂಜಿ ಆದ ಮ್ಯಾಲೇ ಬಾಯಾಗ ನೀರು. ಮರ್ತು ಕೈ ಹಾಕಿದ್ರು ನೋಡ್ರಿ!"

ಮಾಲಕರು ಕೆನ್ನಿ ಕೆನ್ನಿ ಬಡಕೊಂಡ್ರು. ಸೋಮವಾರ ಅನ್ನೋದೇನೋ ಖರೆ. ಒಪ್ಪತ್ತು ಗಿಪ್ಪತ್ತು ಎಲ್ಲಾ ಸುಳ್ಳು, ಮುಂಜಾನೆ ಆಕಿ ಬುತ್ತಿಯ ಎರಡು ರೊಟ್ಟಿ, ಪಡದೆ ಹಿಂದ ನಿಂತು ಎಡಗೈಲೆ, ಜಡಿದಿದ್ದೆ.

ಹೊರಗ ಬಂದ ಮ್ಯಾಲ ಆಕಿ ಬೈಯಲಿಲ್ಲ, ಅದೇ ನನಗ ಹೆಚ್ಚು ಅಂಜಿಕಿ. "ಯಾವಾಗಿಂದ?" ಅಂದ್ಲು. ಹೇಳಿದೆ. ತೋಳು ಹಿಡಿದು, ಪ್ಯಾಟಿಯೊಳಗ ಮಂದಿ ನೋಡಿದ್ರ ನೋಡವಲ್ಲರ್ಯಾಕ ಅಂತ, ಸೀದಾ ದವಾಖಾನಿಗೆ ಎಳಕೊಂಡು ಹೋದ್ಲು.

ಡಾಕ್ಟರು ಕೈ ನೋಡಿದ್ರು. ಆಮ್ಯಾಲ ಯಾಕೋ ತುಟಿ ಮ್ಯಾಲೆತ್ತಿ ವಸಡು ನೋಡಿದ್ರು. ವಸಡಿನ ಗುಂಟ ನೀಲಿ ಗೀರು ಐತಿ ಅಂದ್ರು. "ಬಾಯಾಗ ಏನು ಹಾಕ್ಕೋತೀರಿ?"

"ಏನೂ ಇಲ್ರಿ. ತಂಬಾಕ ಸೈತ ಇಲ್ಲ" ಅಂದೆ, ಸ್ವಲ್ಪ ಸೊಕ್ಕಿಲೇ.

"ಕುಂಚಾ" ಅಂದ್ಲು ಮನಿಯಾಕಿ, ಬಾಗಲದಾಗ ನಿಂತಾಕಿ.

ಡಾಕ್ಟರು ಯಾವ ಬಣ್ಣ ಅಂತ ಕೇಳಿದ್ರು. ಸಫೇದಾ, ಬಿಳಿ ಪುಡಿ, ಎಲ್ಲಾ ಬಣ್ಣಕ್ಕೂ ಕೂಡಸ್ತೀವಿ ಅಂದೆ. ಅದರಾಗ ಸೀಸ ಐತಿ, ಅದು ವಿಷ, ತುಟಿಯಿಂದ ಹೊಟ್ಟಿಗೆ ಹೋಗಿ ಕೈ ನರ ಹಿಡದೈತಿ ಅಂದ್ರು. ಬಿಟ್ರ ಕೈ ಬಂದೀತು, ಬಿಡದಿದ್ರ ಇನ್ನೊಂದೂ ಹೋದೀತು. ಇಷ್ಟು ದಿನ ನಾ ದೆವ್ವ ಅಂದುಕೊಂಡಿದ್ದೆ, ಮಾಟ ಅಂದುಕೊಂಡಿದ್ದೆ. ನನ್ನ ಕಸಬಿನ ಹೆಮ್ಮಿನೇ ನನ್ನ ತಿನ್ನಾಕತ್ತಿತ್ತು.

ನನಗ ಅಂಜಿಸೋ ಕತಿ ಸೇರೂದಿಲ್ಲ, ಅದಕ್ಕ ಕೊನಿ ಮೊದಲೇ ಹೇಳಿಬಿಡ್ತೀನಿ. ಪಡದೆಯ ಕಣ್ಣು ನಾ ಬರೀಲಿಲ್ಲ, ಬ್ಯಾರೆಯವರು ಬಂದು ಬರೆದ್ರು. ಮಾಲಕರು ಬೈದ್ರು, ಆಮ್ಯಾಲ ಕೈ ನೋಡಿ ಸುಮ್ಮನಾದ್ರು. ಕೈ ತಿಂಗಳುಗಟ್ಟಲೆ ಕಾಡಿಸಿ ಮುಂದಿನ ಬ್ಯಾಸಿಗಿ ಹೊತ್ತಿಗೆ ಮುಕ್ಕಾಲು ಬಂತು. ರೆಪ್ಪಿ ಬರಿಯುವಷ್ಟು ಬರಲಿಲ್ಲ, ತಬಲಾ ಬಾರಿಸುವಷ್ಟು ಬಂತು. ಅದೇ ಕಂಪನಿಯೊಳಗ ಪಡದೆ ಮುಂದ ಕುಂತು ಬಾರಿಸಿ ಹೊಟ್ಟಿ ಹೊರಕೊಂಡೆ.

ಆದರ ಇವತ್ತಿಗೂ ನನ್ನ ಮೈ ನಡಗಸೋದು ಕೈ ಅಲ್ಲ. ಆವತ್ತು ದವಾಖಾನಿಯಿಂದ ಇಬ್ಬರೂ ಕಂಪನಿಯ ತಗಡಿನ ಥೇಟರಿಗೆ ಹೊಳ್ಳಿ ಬಂದ್ವಿ. ಡಬ್ಬಿ ಎತ್ತಿಕೊಂಡು ಊರಿಗೆ ಹೋಗೂಣಂತ. ಪಡದೆ ಎದುರಿಗೆ ನಿಂತೆ. ಕಣ್ಣಿಲ್ಲದ ಆ ಇಬ್ಬರು ಹೆಂಗಸರು. ಇಷ್ಟೇ ಉಳದೈತಲ್ಲ, ಇಷ್ಟು ಬರೆದು ಬಿಟ್ಟರಾತು ಅನಿಸಿತು. ಬಿದಿರ ಸೀಳು ಕಟ್ಟಿಕೊಂಡೆ, ಕುಂಚ ಸಫೇದಾದಾಗ ಅದ್ದಿದೆ. ಬೆರಳಿಂದ ತುದಿ ಮಾಡೂಣಂದ್ರ ಬೆರಳು ಕೂಡವಲ್ಲವು. ಕುಂಚ ತಾನಾಗೇ ತುಟಿ ಕಡೆ ಹೊಂಟಿತು.

ಮನಿಯಾಕಿ ಕಸಕೊಂಡ್ಲು. ನನ್ನ ಮಾರಿ ನೋಡಿದ್ಲು. ನನ್ನ ಕಣ್ಣಾಗ ನೀರಿದ್ದವು, ಅದನ್ನ ನೋಡಬಾರದಿತ್ತು ಆಕಿ.

"ನಿಮ್ಮ ಬಾಯಿಗೆ ಬ್ಯಾಡ ಅಂದಾರ ಡಾಕ್ಟರು" ಅಂದ್ಲು. "ನನ್ನ ಬಾಯಿಗೆ ಅಲ್ಲಲ್ಲ." ಅಂದಾಕಿನೇ ಕುಂಚ ತುಟಿಗಿಟ್ಟು, ಇಷ್ಟು ವರ್ಷ ನನ್ನ ನೋಡಿ ಕಲಿತಂಗ, ಸಣ್ಣ ತಿರುವು ಕೊಟ್ಟು ಎಳೆದು, ಸೂಜಿ ಹಂಗ ಆದ ತುದಿ ನನ್ನ ಮುಂದ ಹಿಡಿದ್ಲು.

ಎಡಗೈಲೆ ಬಡದೆ. ಕುಂಚ ಹಾರಿ ಎಲ್ಲೋ ಬಿತ್ತು. "ಉಗಳು! ಉಗಳು!" ಅಂತ ಒದರಿದೆ, ತಾಲೀಮು ಮಾಡ್ತಿದ್ದ ನಟರು ಓಡಿ ಬಂದ್ರು. ಕೊಡದ ನೀರು ಆಕಿ ಬಾಯಿಗೆ ಸುರುವಿ, ನನ್ನ ಧೋತರದ ಚುಂಗಿಲೆ ಆಕಿ ನಾಲಗಿ ತಿಕ್ಕಿದೆ. ಜನ್ಮದ ಅಂಜಿಕಿ ಎಲ್ಲಾ ಆ ಒಂದು ಗಳಿಗ್ಯಾಗ ಅಂಜಿಬಿಟ್ಟೆ. ಆಕಿ ಮುಕ್ಕಳಿಸಿದ್ಲು, ಉಗಳಿದ್ಲು, ಮಂದಿ ನೋಡಾಕತ್ತಾರಂತ ನಾಚಿ ಸೆರಗು ತಲಿ ಮ್ಯಾಲ ಎಳಕೊಂಡ್ಲು. ಆಮ್ಯಾಲ ನನಗಷ್ಟೇ ಕೇಳೂವಂಗ ಅಂದ್ಲು:

"ಸಿಹಿ ಐತಲ್ರಿ ಇದು. ಒಂದು ದಿನಾನೂ ಹೇಳಲಿಲ್ಲ ನೀವು."