ಗಾಳಿ ಅಂದೆ, ಜ್ವರ ಅನ್ನಲಿಲ್ಲ

ಮರುಳಪ್ಪನ ಮಗಳು ಪಾರ್ವತಿಗೆ ಗಾಳಿ ಸೋಕಿರಲಿಲ್ಲ. ಜ್ವರ ಬಂದಿತ್ತು. ಅದು ನನಗೆ ಗೊತ್ತಿತ್ತು — ಇಡೀ ಊರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಅರಳಿಕಟ್ಟೆಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ನಾನು ಬೇರೆ ಮಾತು ಆಡಿದೆ. ಆ ಮಾತಿಗೆ ಅವಳ ಮದುವೆ ಮುರಿಯಿತು, ಹೆಸರು ಕೆಟ್ಟಿತು, ಹೆತ್ತ ಅಪ್ಪನೇ ಅವಳನ್ನು ಕಂಡು ಹೆದರುವ ಹಾಗಾಯಿತು. ನನ್ನ ಕಲ್ಲುಕ್ವಾರಿ ಉಳಿಯಿತು.

ನಾನು ಸುಳ್ಳು ಹೇಳಲಿಲ್ಲವಲ್ಲ — ಬಹಳ ವರ್ಷ ಇದನ್ನೇ ಹಿಡಿದುಕೊಂಡು ನಿದ್ದೆ ಮಾಡಿದೆ. ನಾನು ಯಾರ ಆಸ್ತಿಯ ಮೇಲೂ ಬೆಳೆದವನಲ್ಲ. ಅಜ್ಜಂಪುರದ ಸಂತೆಯಲ್ಲಿ ಈರುಳ್ಳಿ ಮೂಟೆ ಹೊತ್ತೆ, ಕಡೂರಿನಲ್ಲಿ ತೆಂಗಿನಕಾಯಿ ದಲ್ಲಾಳಿಯಾದೆ, ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಮಾಡಿಕೊಂಡೆ. ವ್ಯಾಪಾರಕ್ಕೆ ಇಳಿಯುವವರು ಯಾರೇ ಬಂದು ಕೇಳಲಿ, ನನ್ನ ಬಾಯಿಂದ ಒಂದು ಬುದ್ಧಿಮಾತು ತಾನಾಗಿ ಬರುತ್ತಿತ್ತು: ಸುಳ್ಳು ಹೇಳಬೇಡಿ, ಸಿಕ್ಕಿಬೀಳ್ತೀರಿ, ನಿಜವನ್ನೇ ಹೇಳಿ, ಆದರೆ ಎದುರಿನವನು ತಪ್ಪು ತಿಳಿಯೋಕೆ ಒಂದಿಷ್ಟು ಜಾಗ ಬಿಟ್ಟು ಹೇಳಿ. ಮುದಿ ಎತ್ತು ಮಾರುವಾಗ ‘ಇದು ಹಾಯೋ ಎತ್ತಲ್ಲ’ ಅಂದರೆ ಸಾಕು. ಕೊಳ್ಳುವವನು ‘ಸಾಧು ಎತ್ತು’ ಅಂದುಕೊಳ್ಳುತ್ತಾನೆ. ಹಾಯುವ ಶಕ್ತಿ ಅದಕ್ಕಿಲ್ಲ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ. ಜನ ನಗುತ್ತಿದ್ದರು. ನನಗೂ ಹೆಮ್ಮೆಯೇ ಇತ್ತು.

ಎಂಬತ್ತರ ದಶಕದ ಮೊದಲ ಕೆಲವು ವರ್ಷಗಳಲ್ಲೇ ಇರಬೇಕು. ಒಂದು ಜೀಪು ನಮ್ಮೂರಿಗೆ ಬಂತು. ನಮ್ಮೂರು ಅಜ್ಜಂಪುರಕ್ಕೂ ಕಡೂರಿಗೂ ನಡುವೆ, ಬೋಳು ಗುಡ್ಡವೊಂದರ ಬೆನ್ನಿಗೆ ಇದೆ. ಜೀಪಿನಲ್ಲಿದ್ದ ಸರ್ವೆ ಸಾಹೇಬರು ಗುಡ್ಡದ ನೆತ್ತಿಯ ಮೇಲೆ ಉದ್ದದೊಂದು ಕಬ್ಬಿಣದ ಕಂಬ ನಿಲ್ಲಿಸಿದರು. ನಾಲ್ಕು ಕಡೆ ತಂತಿ ಬಿಗಿದರು. ತುದಿಯಲ್ಲಿ ಸೌಟಿನಂಥ ಮೂರು ಬಟ್ಟಲು. ಗಾಳಿಗೆ ಅವು ಗಿರಗಿರ ಸುತ್ತಿದಷ್ಟೂ ಕೆಳಗಿನ ಪೆಟ್ಟಿಗೆಯಲ್ಲಿ ಅಂಕಿ ಏರುತ್ತಿತ್ತು.

ಏನು ಎತ್ತ ಅಂತ ನಾನು ಕೇಳಿದೆ. ಕೇಳದೆ ಇರುವ ಜಾಯಮಾನವೇ ನನ್ನದಲ್ಲ. ಸಾಹೇಬರು ಜೀಪಿನ ಬಾನೆಟ್ ಮೇಲೆ ನಕ್ಷೆ ಹಾಸಿ ಹಾರದ ಹಾಗೆ ಮೂಲೆಗೆ ಕಲ್ಲಿಟ್ಟು ತೋರಿಸಿದರು. ಕಡೂರು, ತರೀಕೆರೆ, ಅಜ್ಜಂಪುರ, ಹಿರೇನಲ್ಲೂರು — ಎಲ್ಲ ಅದರಲ್ಲಿದ್ದವು. ಮುಂದೆ ಗಾಳಿಯಿಂದ ಕರೆಂಟು ತೆಗೆಯೋ ಕಾಲ ಬರುತ್ತೆ, ಅದಕ್ಕೆ ಯಾವ ಗುಡ್ಡ ಆಗುತ್ತೆ ಅಂತ ಈಗಲೇ ಗುರುತು ಮಾಡಬೇಕು ಅಂದರು. ಗಾಳಿ ಚೆನ್ನಾಗಿರುವ ಗುಡ್ಡಕ್ಕೆ ನೀಲಿ ಪೆನ್ಸಿಲಿನ ಸುತ್ತು. ಆ ಸುತ್ತಿನಿಂದ ಕಡೂರಿನ ಕರೆಂಟ್ ಸ್ಟೇಷನ್ನಿಗೆ ಟವರ್ ಲೈನು ಯಾವ ದಾರಿಯಲ್ಲಿ ಹೋಗಬಹುದು ಅನ್ನುವುದಕ್ಕೆ ಕೆಂಪು ಗೆರೆ. ನಮ್ಮ ಗುಡ್ಡದ ಸುತ್ತು ಮಾತ್ರ ಇನ್ನೂ ಚುಕ್ಕಿ ಚುಕ್ಕಿಯಾಗಿತ್ತು. ‘ಒಂದು ವರ್ಷದ ಅಂಕಿ ತಪ್ಪದೆ ಸಿಗಬೇಕು ಕಣ್ರೀ, ಆಗ ಇದನ್ನ ಪೂರ್ತಿ ಮಾಡ್ತೀವಿ. ನಡುವೆ ನಿಂತರೆ ಈ ಗುಡ್ಡ ಬಿಟ್ಟು ಮುಂದಕ್ಕೆ ಹೋಗ್ತೀವಿ.’

ಆಮೇಲೆ, ಮಾತಿಗೆ ಮಾತು ಬಂದು, ಅವರೇ ಅಂದರು — ಸುತ್ತು ಬಿದ್ದ ಗುಡ್ಡದಲ್ಲಿ ಕಲ್ಲಿಗೆ ಮದ್ದು ಇಡೋ ಹಾಗಿರೋದಿಲ್ಲ.

ಆ ಗುಡ್ಡದ ಪಡುವಣ ಮಗ್ಗುಲಿಗೆ ಕಲ್ಲು ಒಡೆಯುವ ಲೀಸು ಹಿಡಿದವನು ನಾನು. ಹಿಡಿದು ಇನ್ನೂ ಸರಿಯಾಗಿ ಒಂದು ಬೇಸಿಗೆ ಕಳೆದಿರಲಿಲ್ಲ. ಚೌಕಾಸಿಗೆ ಇಳಿದೆ. ಹಿರೇನಲ್ಲೂರಿನ ಕಡೆ ಇದಕ್ಕಿಂತ ಎತ್ತರದ ಗುಡ್ಡ ಇದೆ, ಕಂಬವನ್ನು ಅಲ್ಲಿಗೆ ನನ್ನ ಟ್ರ್ಯಾಕ್ಟರಿನಲ್ಲೇ ಸಾಗಿಸಿ ಕೊಡುತ್ತೇನೆ ಅಂದೆ. ಸಾಹೇಬರು ನಕ್ಕುಬಿಟ್ಟರು. ‘ನೀವು ಯಾರ ಹತ್ರ ಬೇಕಾದ್ರೂ ಚೌಕಾಸಿ ಮಾಡಿ. ಗಾಳಿ ಹತ್ರ ನಡೆಯಲ್ಲ.’

ಕಂಬದ ಅಂಕಿ ದಿನಾ ಬರೆದಿಡುವ ಕೆಲಸ ಪಾರ್ವತಿಗೆ ಸಿಕ್ಕಿತು. ಗುಡ್ಡದ ಬುಡದಲ್ಲೇ ಅವರ ಹೊಲ. ಹುಡುಗಿ ಹತ್ತನೇ ಕ್ಲಾಸಿನವರೆಗೆ ಓದಿದ್ದಳು. ಮರುಳಪ್ಪನನ್ನು ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ, ಹಾಗಾಗಿ ಅವಳು ನನಗೆ ಚಿಕ್ಕಪ್ಪ ಅನ್ನುತ್ತಿದ್ದಳು. ಬೀರೂರಿನ ಕಡೆಯ ಒಂದು ಮನೆಗೆ ಅವಳ ಮಾತಾಗಿತ್ತು. ಶ್ರಾವಣದಲ್ಲಿ ಲಗ್ನ. ‘ಅಂಕಿ ಬರೆಯೋ ಸೊಸೆ ಬತ್ತಾಳೆ ಅಂತ ಬೀಗರು ಜಂಬ ಪಡ್ತಾವ್ರೆ ಕಣೋ’ ಅಂತ ಮರುಳಣ್ಣ ಕಟ್ಟೆಯ ಮೇಲೆ ಕೂತು ತಾನೇ ಜಂಬ ಪಡುತ್ತಿದ್ದ.

ಆಷಾಢದ ಒಂದು ಬೆಳಗ್ಗೆ ನಾನು ಗುಡ್ಡ ಹತ್ತಿದ್ದೆ. ಯಾಕೆ ಹತ್ತಿದ್ದೆ — ಕಂಬದ ತಂತಿ ಎಷ್ಟು ಗಟ್ಟಿಯಿದೆ ನೋಡಿಬರೋಣ ಅಂತ. ಇದನ್ನೂ ಇವತ್ತೇ ಮೊದಲು ಹೇಳುತ್ತಿರುವುದು. ನೋಡಿದರೆ ಕಂಬದ ಬುಡದಲ್ಲಿ ಪಾರ್ವತಿ ಬಿದ್ದಿದ್ದಳು. ಹಣೆ ಮುಟ್ಟಿದೆ. ಹೆಂಚಿನ ಹಾಗೆ ಕಾದಿತ್ತು. ‘ಅಯ್ಯೋ ಹುಚ್ಚಿ, ಜ್ವರ ಇಟ್ಕೊಂಡು ಬಂದಿದೀಯಲ್ಲೇ’ ಅಂದೆ. ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಇನ್ನೇನೂ ಇರಲಿಲ್ಲ. ಅಷ್ಟನ್ನು ನಂಬಿ. ಮಿಕ್ಕಿದ್ದನ್ನು ನಂಬಿ ಅಂತ ನಾನು ಕೇಳುವುದಿಲ್ಲ. ಅವಳನ್ನು ಎತ್ತಿಕೊಂಡು ಇಳಿದು ಟ್ರೈಲರಿನಲ್ಲಿ ಗೋಣಿಚೀಲದ ಮೇಲೆ ಮಲಗಿಸಿದೆ.

ಗುಡ್ಡದಿಂದ ಊರಿಗೆ ದೂರವೇನಿಲ್ಲ. ಆದರೆ ನನ್ನಂಥ ತಲೆಗೆ ಆ ದೂರ ಸಾಕು.

ಅರಳಿಕಟ್ಟೆಯ ಹತ್ತಿರ ಜನ ಸುತ್ತಿಕೊಂಡರು. ಒಬ್ಬ ಅಜ್ಜಿ ಟ್ರೈಲರಿಗೆ ಇಣುಕಿ ಕೇಳಿದಳು, ‘ಏನಾಯ್ತಪ್ಪಾ ಕೂಸಿಗೆ?’

ನಾನು ಹುಡುಗಿಯ ಕಡೆ ನೋಡಲಿಲ್ಲ. ಗುಡ್ಡದ ಕಡೆ ನೋಡಿದೆ.

‘ಗಾಳಿ ಕಣಜ್ಜಿ’ ಅಂದೆ.

ಅಷ್ಟೇ. ಆಷಾಢ ಮಾಸ, ಗುಡ್ಡದ ನೆತ್ತಿ, ಗಾಳಿ ಇರಲಿಲ್ಲವೇ? ಇತ್ತು. ಯಾರ ಮುಂದೆ ಬೇಕಾದರೂ ಆಣೆ ಮಾಡಬಹುದಿತ್ತು. ಆದರೆ ನಮ್ಮ ಕಡೆ ಒಂದು ಹೆಣ್ಣು ಮೈಮೇಲೆ ಜ್ಞಾನವಿಲ್ಲದೆ ಬಿದ್ದಿರುವಾಗ ‘ಗಾಳಿ’ ಅಂದರೆ ಜನ ಏನು ತಿಳಿಯುತ್ತಾರೆ ಅನ್ನುವುದು — ಅದು ಗೊತ್ತಿಲ್ಲದವನಾ ನಾನು? ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಹಿಂದಕ್ಕೆ ಸರಿದಳು. ಟ್ರೈಲರ್ ಹಿಡಿದುಕೊಂಡಿದ್ದವರು ಒಬ್ಬೊಬ್ಬರೇ ಕೈ ತೆಗೆದರು. ನಾನು ನೋಡಿದೆ. ಇನ್ನೊಂದು ಮಾತು ಸೇರಿಸಿದ್ದರೆ ಆಗಿತ್ತು. ‘ಜ್ವರ’ ಅನ್ನುವುದು ಎಷ್ಟು ಸಣ್ಣ ಮಾತು. ಸೇರಿಸಲಿಲ್ಲ.

ಸಂಜೆಯೊಳಗೆ ಊರೆಲ್ಲ ಅದೇ ಆಯಿತು. ಯಾರೂ ಮುಟ್ಟದೆ ತಾನೇ ಸುತ್ತುವ ಕಂಬ, ಗಾಳಿಯನ್ನು ಕರೆಯುವ ಕಂಬ, ಮದುವೆ ಗೊತ್ತಾದ ಹೆಣ್ಣನ್ನೇ ಹುಡುಕಿ ಹಿಡಿದಿದೆ. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತರೀಕೆರೆ ಕಡೆಯಿಂದ ಗಾಳಿ ಬಿಡಿಸುವವನನ್ನು ಕರೆಸಿದರು. ಅವನು ಹುಣಸೆ ಬರಲು ಹಿಡಿದು, ‘ಯಾರು ನೀನು, ಹೆಸರು ಹೇಳು’ ಅಂತ ಹುಡುಗಿಯನ್ನು ಹೊಡೆದ. ಜ್ವರದ ತಾಪಕ್ಕೆ ಅವಳು ಏನೇನೋ ಬಡಬಡಿಸಿದಳು. ಅದೇ ಸಾಕ್ಷಿಯಾಯಿತು. ಅವಳು ಕೊಸರದ ಹಾಗೆ ಎರಡೂ ತೋಳು ಹಿಡಿದು ಕೂತಿದ್ದವನು ಮರುಳಣ್ಣ. ಅಳುತ್ತಿದ್ದ — ಅಳುತ್ತಲೇ ಬಿಗಿಯಾಗಿ ಹಿಡಿದಿದ್ದ. ನಾನು ಬಾಗಿಲ ಬಳಿ ಕೈಕಟ್ಟಿಕೊಂಡು ನಿಂತಿದ್ದೆ. ಅಲ್ಲಿ ನಿಂತು ನಾನು ಯೋಚಿಸುತ್ತಿದ್ದದ್ದು ಏನು ಅಂತ ಬರೆಯಲು ಕೈ ಬರುವುದಿಲ್ಲ. ಆದರೂ ಬರೆಯುತ್ತೇನೆ: ಇವತ್ತು ಗುಡ್ಡಕ್ಕೆ ಯಾರೂ ಹೋಗಿಲ್ಲ, ಅಂಕಿ ತಪ್ಪಿತು — ಅಂತ.

ಕೊನೆಗೆ ಹುಡುಗಿ ಕಣ್ಣೇ ಬಿಡದ ಹಾಗಾದಾಗ ಕಡೂರಿನ ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ಟೈಫಾಯ್ಡ್ ಅಂದರಂತೆ. ಬದುಕಿದಳು. ಜ್ವರ ಬಿಟ್ಟ ಮೇಲೆ ಕೂದಲೆಲ್ಲ ಉದುರಿತು. ಜನ ಡಾಕ್ಟರ ಮಾತು ಬಿಟ್ಟರು, ಉದುರಿದ ಕೂದಲು ಹಿಡಿದುಕೊಂಡರು. ಬೀಗರು ಜಾತಕ ಕೂಡಲಿಲ್ಲ ಅಂತ ಹೇಳಿಕಳಿಸಿದರು. ಅಷ್ಟರಲ್ಲಿ ಊರಿನವರು ಗುಂಪಾಗಿ ಹೋಗಿ ಕಂಬದ ತಂತಿ ಬಿಚ್ಚಿ ಕೆಡವಿಯಾಗಿತ್ತು. ಸಾಹೇಬರು ಬಂದು ನೋಡಿದರು. ಯಾರ ಮೇಲೂ ದೂರು ಕೊಡಲಿಲ್ಲ. ಬಟ್ಟಲುಗಳನ್ನು ಹೆಕ್ಕಿ ಜೀಪಿಗೆ ಹಾಕಿಕೊಂಡರು. ‘ವರ್ಷ ಮುಗಿಯೋಕೆ ಇನ್ನು ಸ್ವಲ್ಪವೇ ಇತ್ತು ಕಣ್ರೀ’ ಅಂತ ನನ್ನ ಹತ್ತಿರವೇ ಹೇಳಿಕೊಂಡು ಹೋದರು. ನಕ್ಷೆಯಲ್ಲಿ ನಮ್ಮ ಗುಡ್ಡದ ಜಾಗ ಖಾಲಿ ಬಿತ್ತು. ನಾನು ಮದ್ದು ಇಟ್ಟೆ, ಕಲ್ಲು ಒಡೆದೆ, ಮನೆ ಕಟ್ಟಿದೆ.

ಪಾರ್ವತಿಯ ಕೂದಲು ಮತ್ತೆ ಬೆಳೆಯಿತು. ಆದರೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬಾಣಂತಿ ಇರುವ ಮನೆಗೆ ಅವಳನ್ನು ಕರೆಯುತ್ತಿರಲಿಲ್ಲ. ಅವಳು ನೀರು ಸೇದಿ ಹೋಗುವವರೆಗೆ ಬಾವಿಯ ಹತ್ತಿರ ಬೇರೆ ಹೆಂಗಸರು ಏನೋ ನೆಪ ಮಾಡಿಕೊಂಡು ದೂರ ನಿಲ್ಲುತ್ತಿದ್ದರು. ನಾನು ಎದುರು ಸಿಕ್ಕರೆ ‘ಚೆನ್ನಾಗಿದೀರಾ ಚಿಕ್ಕಪ್ಪ’ ಅನ್ನುತ್ತಿದ್ದಳು. ಇವಳಿಗೇನೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಕೆಲವು ವರ್ಷ ಕಳೆದು ಅವಳ ತಂಗಿಗೆ ತರೀಕೆರೆಯ ಕಡೆಯಿಂದ ಗಂಡು ಬಂತು. ಗಂಡಿನವರು ವಿಚಾರಿಸಲು ನೇರ ನನ್ನ ಮನೆಗೇ ಬಂದರು — ಹತ್ತೂರಿನವರು ಸಲಹೆ ಕೇಳುವ ಮನೆ ನೋಡಿ. ‘ದೊಡ್ಡ ಹುಡುಗೀಗೆ ಏನೋ ಇತ್ತಂತಲ್ಲ?’ ಅಂದರು. ‘ಈ ಹುಡುಗಿ ಅಪ್ಪಟ ಚಿನ್ನ, ಕಣ್ಣು ಮುಚ್ಚಿ ಮಾಡ್ಕೊಳ್ಳಿ’ ಅಂದೆ. ದೊಡ್ಡವಳಿಗೆ ಏನೂ ಇರಲಿಲ್ಲ, ಅದನ್ನು ಹುಟ್ಟಿಸಿದವನೇ ನಾನು ಅನ್ನಲಿಲ್ಲ. ಆವತ್ತೂ ಜಾಗ ಬಿಟ್ಟೇ ಮಾತಾಡಿದೆ. ಮದುವೆ ಕುದುರಿತು. ಮರುಳಣ್ಣ ಬಂದು ನನ್ನ ಎರಡೂ ಕೈ ಹಿಡಿದುಕೊಂಡು, ‘ನಮ್ಮನೆ ಮಾನ ಉಳಿಸ್ದೆ ಕಣಪ್ಪಾ’ ಅಂದ. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಇರಲಿ ಬಿಡಣ್ಣ, ಅಂದೆ. ನನ್ನ ಬದುಕಿನಲ್ಲಿ ಕಟ್ಟೆಯ ಮುಂದಿನ ಆ ಹೊತ್ತಿಗಿಂತ ಈ ಹೊತ್ತೇ ಹೀನವಾದದ್ದು ಅಂತ ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ಆ ಮದುವೆಯ ದಿನ ಪಾರ್ವತಿ ನೆಂಟರಿಗೆ ಎಲೆಯಡಿಕೆ ಕೊಡುತ್ತಿದ್ದಳು. ನನ್ನ ಹತ್ತಿರ ಬಂದವಳು ತಟ್ಟೆ ಹಿಡಿದು ಅಲ್ಲೇ ನಿಂತಳು. ದನಿ ಏರಿಸಲಿಲ್ಲ.

‘ಚಿಕ್ಕಪ್ಪ, ಅವತ್ತು ಟ್ರ್ಯಾಕ್ಟರ್‌ನಾಗೆ ನಂಗೆ ಎಚ್ಚರ ಇತ್ತು. ಗುಡ್ಡದ ಮ್ಯಾಲೆ ಹಣೆ ಮುಟ್ಟಿ ಜ್ವರ ಅಂದ್ರಿ. ಕಟ್ಟೆ ತಾವ ಬೇರೆ ಅಂದ್ರಿ.’

ತಟ್ಟೆಯಿಂದ ಒಂದು ಎಲೆ ತೆಗೆದುಕೊಂಡೆ. ಕೇಳಿದೆ — ಮತ್ತೆ ನೀನು ಯಾಕೆ ಯಾರಿಗೂ ಹೇಳಲಿಲ್ಲ?

‘ಹೇಳ್ದೆ. ನಾನು ಬಾಯಿ ಬಿಟ್ರೆ ಮೈಮ್ಯಾಗಿನದು ಮಾತಾಡ್ತೈತೆ ಅಂತಿದ್ರಲ್ಲ.’ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿ ಅಂದಳು, ‘ಊರಿಗೆಲ್ಲ ಹೇಳೋದು ಬ್ಯಾಡ. ಅಪ್ಪಯ್ಯಂಗೆ ಹೇಳಿ. ಕತ್ತಲಾದ ಮ್ಯಾಲೆ ನಾನು ನೀರು ಕೊಟ್ರೆ ಇವತ್ತಿಗೂ ಅವನ ಕೈ ನಡುಗ್ತೈತೆ. ಅದೊಂದು ಹೋದ್ರೆ ಸಾಕು ನಂಗೆ.’

ಹೇಳ್ತೀನಿ ಕಣವ್ವ, ಅಂದೆ.

ಹೇಳಲು ಹೋದೆ ಕೂಡ. ಒಂದು ಸಲವಲ್ಲ. ಮರುಳಣ್ಣನ ಜಗಲಿಯ ಮೇಲೆ ಕೂತು ಕೊಬ್ಬರಿ ಧಾರಣೆ ಮಾತಾಡಿದೆ. ಬೋರು ಎಲ್ಲಿ ಕೊರೆಸಬೇಕು ಅಂತ ಸಲಹೆ ಕೊಟ್ಟೆ. ಅವನ ಚಿಕ್ಕ ಮಗಳ ಬಾಣಂತನಕ್ಕೆ ಯಾವ ಆಸ್ಪತ್ರೆ ವಾಸಿ ಅಂತ ಹೇಳಿದೆ. ಪಾರ್ವತಿ ಒಳಗಿನಿಂದ ಕಾಫಿ ತಂದಿಟ್ಟು ಬಾಗಿಲ ಮರೆಗೆ ಹೋಗಿ ನಿಲ್ಲುತ್ತಿದ್ದಳು. ನಾನು ಎದ್ದು ಬರುವವರೆಗೂ ಅವಳು ಅಲ್ಲೇ ಇರುತ್ತಿದ್ದಳು — ಬಳೆಯ ಸದ್ದು ಕೇಳುತ್ತಿತ್ತು. ಇವತ್ತು ಬೇಡ, ಅಣ್ಣನ ಮೈ ಸರಿಯಿಲ್ಲ. ಇವತ್ತು ಬೇಡ, ಅಣ್ಣ ಖುಷಿಯಾಗಿದಾನೆ. ಹೀಗೆ ನಾನು ನನ್ನ ಹತ್ತಿರವೇ ಚೌಕಾಸಿ ಮಾಡಿಕೊಂಡು ಎದ್ದು ಬರುತ್ತಿದ್ದೆ. ಹೇಳಿದರೆ ಏನಾಗುತ್ತಿತ್ತು? ಅವನು ಉಗಿಯುತ್ತಿದ್ದ. ಹತ್ತು ಜನ ಉಗಿಯುತ್ತಿದ್ದರು. ಅಷ್ಟನ್ನು ತಪ್ಪಿಸಿಕೊಳ್ಳಲು ಒಬ್ಬ ಅಪ್ಪ ಮಗಳಿಗೆ ಹೆದರಿಕೊಂಡೇ ಬದುಕಲಿ ಅಂತ ಬಿಟ್ಟೆ.

ಒಂದು ಬೆಳಗ್ಗೆ ಮರುಳಣ್ಣ ಹೊಲದ ಬದುವಿನ ಮೇಲೆ ಕೂತವನು ಏಳಲಿಲ್ಲ.

ಊರಿಗೆ ಬೇಡ, ಅಪ್ಪನಿಗೆ ಹೇಳಿ ಅಂದಿದ್ದಳು ಅವಳು. ಈಗ ಊರಿಗೆ ಹೇಳುತ್ತಿದ್ದೇನೆ. ಇದನ್ನು ಮೊದಲು ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಕಟ್ಟೆಯ ಮೇಲೆ ನಿಂತು ಓದುತ್ತೇನೆ. ಇದರಿಂದ ಅವಳಿಗೆ ಸಿಗುವುದು ಬಹಳ ಕಡಿಮೆ ಅಂತ ನನಗೆ ಗೊತ್ತು.

ಮರುಳಣ್ಣನ ತಿಥಿಯ ದಿನ ನಾನೂ ಪಂಕ್ತಿಯಲ್ಲಿ ಕೂತಿದ್ದೆ. ಪಾರ್ವತಿ ಬಡಿಸುತ್ತಾ ಬಂದಳು. ನನ್ನ ಎಲೆಯ ಮುಂದೆ ಬಗ್ಗಿದಳು. ಕೇಳುತ್ತಾಳೆ ಅಂದುಕೊಂಡೆ, ಹೇಳಿದ್ರಾ ಅಂತ. ಕೇಳಲಿ ಅಂತಲೂ ಅನ್ನಿಸಿತು.

‘ಮಜ್ಜಿಗೆ ಹಾಕ್ಲಾ ಚಿಕ್ಕಪ್ಪ?’ ಅಂದಳು.

ತಲೆಯೆತ್ತದೆ, ಹಾಕವ್ವ ಅಂದೆ.